ನಮ್ಮ ಲ್ಯಾಬಿನ ಜಿ.ಸಿ. ಯಂತ್ರಕ್ಕೊಂದು ಬಹಿರಂಗ ಪತ್ರ

ಸನ್ಮಾನ್ಯ ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಅವರ ಸನ್ನಿಧಾನಕ್ಕೆ,

ಸಾಷ್ಟಾಂಗ ನಮಸ್ಕಾರಗಳು. ಕೆಮಿಕಲ್ ಎಂಜಿನಿಯರಿಂಗ್‌ನಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ ಎಂದು ಊರೆಲ್ಲ ಹೇಳಿಕೊಂಡು ಬಂದಿದ್ದೇನೆ. ಮಾಡುತ್ತಿರುವುದು ತಮ್ಮ ಚಾಕರಿ. ಕಾಗದದಲ್ಲಿ ಗೈಡ್ ಬೇರೆ ಇರಬಹುದು, ನನ್ನ ಥೀಸಿಸ್ ಯಾವಾಗ ಮುಗಿಯಬೇಕೆಂದು ತೀರ್ಮಾನಿಸುವವರು ತಾವೇ.

ತಮಗೆ ಹಗಲಿರುಳೂ ಎ.ಸಿ. ಬೇಕು, ಹಾಕಿಸಿದ್ದೇವೆ. ನಾನು ಆಚೆ ಕೋಣೆಯಲ್ಲಿ 700 ಡಿಗ್ರಿಯ ಫರ್ನೇಸ್ ಮಗ್ಗುಲಲ್ಲಿ ಕೂರುತ್ತೇನೆ. ತಮ್ಮ ಉಸಿರಿಗೆ ಶೇ. 99.999 ಶುದ್ಧ ಹೀಲಿಯಂ ಆಗಬೇಕು, ಅದೂ ಹೊರದೇಶದಿಂದ ಬಂದದ್ದು. ಸಿಲಿಂಡರ್ ಖಾಲಿಯಾದರೆ ಮೂರು ಕೊಟೇಶನ್, ಪರ್ಚೇಸ್ ಕಮಿಟಿ, ರಜೆಯ ಮೇಲಿರುವ ಅಧಿಕಾರಿಯ ಸಹಿ. ಅಲ್ಲಿಯವರೆಗೆ ತಮಗೂ ನನಗೂ ವಿಶ್ರಾಂತಿ. ಇಷ್ಟಾಗಿ ತಮ್ಮ ಆರೈಕೆಗೆ ವರ್ಷಾವರ್ಷ ಎ.ಎಂ.ಸಿ. ಎಂಬ ನಿರ್ವಹಣಾ ಒಪ್ಪಂದ ಇದೆ. ನನಗೆ? 2023ರಲ್ಲಿ ಸಂಶೋಧನಾ ಫೆಲೋಶಿಪ್ ಜೆ.ಆರ್.ಎಫ್. ತಿಂಗಳಿಗೆ 31,000 ರೂಪಾಯಿಯಿಂದ 37,000ಕ್ಕೆ ಏರಿತೆಂದು ಪೇಪರಿನಲ್ಲಿ ಓದಿ ಸೋದರಮಾವ ಮದುವೆ ಮಾತು ಎತ್ತಿದರು. ಫೆಲೋಶಿಪ್ ತಿಂಗಳುಗಟ್ಟಲೆ ತಡವಾಗಿ ಬರುತ್ತದೆಂಬುದನ್ನು ಪೇಪರಿನವರು ಹಾಕಿರಲಿಲ್ಲ. ಒಳಬಂದದ್ದರಲ್ಲಿ ಹೊರಹೋದದ್ದನ್ನು ಕಳೆದರೆ ಉಳಿಯುವುದೇ ಶೇಖರಣೆ ಎಂಬ ಮಾಸ್ ಬ್ಯಾಲೆನ್ಸ್ ಪಾಠ ನನಗೆ ಪೂರ್ತಿ ತಲೆಗೆ ಹತ್ತಿದ್ದು ಬಾಡಿಗೆ ಕೊಡುವ ದಿನ.

ಬ್ಯಾಲೆನ್ಸ್ ಎಂದಾಗ ನೆನಪಾಯಿತು. ನಿಕ್ಕಲ್ ಕ್ಯಾಟಲಿಸ್ಟ್ ಮೇಲೆ ಮೀಥೇನ್, ಕಾರ್ಬನ್ ಡೈಆಕ್ಸೈಡ್ ಹರಿಸುತ್ತೇನೆ. ಹೈಡ್ರೋಜನ್, ಕಾರ್ಬನ್ ಮಾನಾಕ್ಸೈಡ್ ಬರಬೇಕು. ಹೊರಬಂದ ಗ್ಯಾಸನ್ನು ಅಳೆದು ತಾವು ಬರೆದ ಪೀಕುಗಳನ್ನೆಲ್ಲ ಕೂಡಿದರೆ, ಒಳಹೋದ ಕಾರ್ಬನ್‌ನಲ್ಲಿ ಸಿಗುವುದು ನೂರಕ್ಕೆ 94. “ಉಳಿದ ಆರು ಎಲ್ಲಿ ಹೋಯ್ತಪ್ಪಾ?” ಎಂದು ಗೈಡ್ ಕೇಳುತ್ತಾರೆ, ನಾನೇ ಜೇಬಿಗೆ ಹಾಕಿಕೊಂಡವನಂತೆ. ಕ್ಯಾಟಲಿಸ್ಟ್ ಮೇಲೆ ಮಸಿ ಕೂತಿದೆ ಸಾರ್ ಎಂದೆ. ಲೀಕ್ ಇರಬೇಕು ಎಂದರು. ಒಂದೊಂದು ನಟ್ಟಿಗೂ ಸೋಪಿನ ನೀರು ಹಚ್ಚಿ, ಟಾರ್ಚ್ ಹಿಡಿದು, ಮೂಗು ತಾಗುವಷ್ಟು ಹತ್ತಿರದಿಂದ ನೋಡಿದೆ. ಒಂದು ಗುಳ್ಳೆಯೂ ಏಳಲಿಲ್ಲ. ಮತ್ತೆ ಕ್ಯಾಲಿಬ್ರೇಶನ್ ಮಾಡಿದರೆ, ಅದೇ ಸಿಲಿಂಡರಿನ ಅದೇ ಗ್ಯಾಸಿಗೆ ತಾವು ನಿನ್ನೆ ಒಂದು ಲೆಕ್ಕ, ಇವತ್ತು ಇನ್ನೊಂದು ಲೆಕ್ಕ ಹೇಳಿದಿರಿ. ಪಂಚಾಯ್ತಿ ಸಾಕ್ಷಿದಾರರೂ ಇಷ್ಟು ಬೇಗ ಮಾತು ಬದಲಿಸುವುದಿಲ್ಲ.

ಸರ್ವಿಸ್ ಎಂಜಿನಿಯರನ್ನು ಕರೆಸಿದೆವು. ಅವರು ಬ್ಯಾಗ್ ಕೆಳಗಿಡುತ್ತಿದ್ದಂತೆಯೇ ತಾವು ಸ್ಕೇಲ್ ಇಟ್ಟು ಎಳೆದ ಹಾಗೆ ಬೇಸ್‌ಲೈನ್ ಎಳೆದು ತೋರಿಸಿದಿರಿ! “ಮೆಷಿನ್ ಚೆನ್ನಾಗೇ ಇದೆಯಲ್ಲ ಸಾರ್, ಆಪರೇಟರ್ ಪ್ರಾಬ್ಲಂ” ಎಂದು ರಿಪೋರ್ಟ್ ಬರೆದು, ಕಾಫಿ ಕುಡಿದು ಹೋದರು.

ಗುರುವಾರ ಮತ್ತೆ ಬರುತ್ತಾರೆ. ದಯಮಾಡಿ ಅವರೆದುರೇ ಒಂದು ಸಲ ಕೆಡಬೇಕಾಗಿ ವಿನಂತಿ.

ಇತಿ ತಮ್ಮ ವಿಧೇಯ,
ಆಪರೇಟರ್ ಪ್ರಾಬ್ಲಂ