ಆತ್ಮನಿಗೆ ಏಳು, ಎತ್ತಿಗೆ ಒಂಬತ್ತು

ನ್ಯೂಜೆರ್ಸಿಯಲ್ಲಿ ನೆಲಸಿದ ಕನ್ನಡ ಕುಟುಂಬಕ್ಕೆ ಚಳಿಗಾಲದ ಸಂಜೆಗಳು ಎಷ್ಟು ದೀರ್ಘವೆಂಬುದು, ಊರಿನಿಂದ ಆರು ತಿಂಗಳ ಮಟ್ಟಿಗೆ ಬಂದಿರತಕ್ಕ ಅತ್ತೆ ಮಾವಂದಿರು ಮನೆಯಲ್ಲಿದ್ದಾಗಲಲ್ಲದೆ ಪೂರ್ಣವಾಗಿ ವೇದ್ಯವಾಗುವುದಿಲ್ಲ. ಐದು ಗಂಟೆಗೆ ಮೊದಲೇ ಕತ್ತಲೆ, ಹೊರಗೆ ಹಿಮ, ಹೊತ್ತು ಕಳೆಯಲು ಜಗಲಿಯೂ ಇಲ್ಲ, ಜಗಲಿಗೆ ಬಂದು ಕೂರುವವರೂ ಇಲ್ಲ, ಊರಿನ ಸುದ್ದಿಯೋ ಮೊದಲ ವಾರದಲ್ಲಿಯೇ ಖರ್ಚಾಗಿಹೋಗಿರುತ್ತದೆ. ಇಂತಹ ಸಂಕಟಕಾಲದಲ್ಲಿ ನಮ್ಮ ಮನೆಯನ್ನು ಉದ್ಧರಿಸಿದ್ದು ಸ್ಕ್ರಾಬಲ್ ಎಂಬ ಇಂಗ್ಲಿಷ್ ಅಕ್ಷರಕ್ರೀಡೆ.

ಇದನ್ನು ಕಂಡುಹಿಡಿದ ಆಲ್ಫ್ರೆಡ್ ಬಟ್ಸ್ ಎಂಬಾತನು ನ್ಯೂಯಾರ್ಕ್ ಸೀಮೆಯ ವಾಸ್ತುಶಿಲ್ಪಿ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡು ಮನೆಯಲ್ಲಿ ಕುಳಿತವನು. ನಿರುದ್ಯೋಗಿಯು ಪತ್ರಿಕೆಯಲ್ಲಿ ನೌಕರಿಯ ಜಾಹೀರಾತುಗಳನ್ನು ಹುಡುಕುವುದು ಲೋಕರೂಢಿ. ಈತನಾದರೋ ಪತ್ರಿಕೆಯನ್ನು ಮುಂದಿಟ್ಟುಕೊಂಡು ಅದರಲ್ಲಿ ಯಾವ ಅಕ್ಷರ ಎಷ್ಟು ಸಲ ಬಂದಿದೆಯೆಂದು ಎಣಿಸಿದನು. ಆ ಎಣಿಕೆಯ ಫಲವಾಗಿ ಆಟದ 100 ಬಿಲ್ಲೆಗಳಲ್ಲಿ, ಎಲ್ಲೆಲ್ಲಿಯೂ ಸಿಕ್ಕುವ 'ಇ'ಗೆ 12 ಬಿಲ್ಲೆಗಳು, ಒಂದೊಂದಕ್ಕೂ ಒಂದೇ ಅಂಕ. ದುರ್ಲಭವಾದ 'ಕ್ಯೂ'ಗೆ ಒಂದೇ ಬಿಲ್ಲೆ, 10 ಅಂಕ. ಬಹುವಚನ ಮಾಡಿ ಅನಾಯಾಸವಾಗಿ ಅಂಕ ಗಳಿಸುವವರ ಹಾವಳಿಯನ್ನು ತಡೆಯಲೆಂದು 'ಎಸ್' ಬಿಲ್ಲೆಗಳನ್ನು ಅವನು ನಾಲ್ಕಕ್ಕೇ ನಿಲ್ಲಿಸಿದನು. 1948ರಲ್ಲಿ ಜೇಮ್ಸ್ ಬ್ರೂನೊ ಎಂಬಾತನು ಈಗಿನ ಹೆಸರಿಟ್ಟು ಆಟವನ್ನು ಮಾರುಕಟ್ಟೆಗೆ ತಂದನು.

ನಮ್ಮ ಮಾವನವರು ಬಹುಕಾಲ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು, ನಿಷ್ಠಾವಂತರಾದ ಅದ್ವೈತಿಗಳು. ಅತ್ತೆಯವರು ಮಾಧ್ವ ಮನೆತನದಲ್ಲಿ ಹುಟ್ಟಿ ಸ್ಮಾರ್ತರ ಮನೆಗೆ ಬಂದವರು. ಅವರ ಇಂಗ್ಲಿಷ್ ಏಳನೆಯ ತರಗತಿಗೇ ನಿಂತದ್ದು. ಆದಕಾರಣ ಆಟದ ಗೆಲವು ಯಾರಿಗೆಂಬ ವಿಷಯದಲ್ಲಿ ಮಾವನವರಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ.

ಅವರಿಗೆ ಮೊದಲ ಆಘಾತವನ್ನುಂಟುಮಾಡಿದ್ದು ಆಟದ ಮೌಲ್ಯವಿಚಾರ. ಬಿಲ್ಲೆಯ ಮೇಲೆ ಕೊರೆದ ಅಂಕಗಳನ್ನು ಕೂಡಿದರೆ 'ಲಾಖ್' ಎಂಬುದಕ್ಕೆ 11, ಅದರ ನೂರು ಮಡಿಯಾದ 'ಕ್ರೋರ್' ಎಂಬುದಕ್ಕೆ ಕೇವಲ 7. ಸಿಂಹಾಸನವೇರಿದ 'ಕಿಂಗ್' 9 ತಂದರೆ, 'ಕ್ಯೂ' ಹಾಕಿ ಬರೆದ 'ಫಕೀರ್' ಜೋಳಿಗೆಯಲ್ಲಿ 17 ತರುತ್ತಾನೆ. ಇಷ್ಟನ್ನು ಅವರು ವೈರಾಗ್ಯದ ಮಹಿಮೆಯೆಂದು ಕ್ಷಮಿಸಿದರು. ಆದರೆ, ದೀರ್ಘವಾಗಿ ಆಲೋಚಿಸಿ, ಪರಮಪುರುಷಾರ್ಥವನ್ನೇ ಫಲಕದ ಮೇಲೆ ಪ್ರತಿಷ್ಠಾಪಿಸುವ ಗಾಂಭೀರ್ಯದಿಂದ ತಾವು ಜೋಡಿಸಿದ 'ಆತ್ಮನ್' ಎಂಬ ಪದಕ್ಕೆ 7 ಅಂಕ ದೊರೆತು, ಮರುಕ್ಷಣದಲ್ಲಿ ಅತ್ತೆಯವರು ಎರಡೇ ಬಿಲ್ಲೆಗಳಲ್ಲಿ ಕಟ್ಟಿದ 'ಆಕ್ಸ್' ಎಂಬ ಎತ್ತಿಗೆ 9 ದೊರೆತಾಗ, ಕನ್ನಡಕವನ್ನು ತೆಗೆದು ಒರೆಸಿ, ಇದು ಕಲಿಯುಗದ ಲೆಕ್ಕವೆಂದು ಉದ್ಗರಿಸಿದರು.

ಎರಡನೆಯ ಆಘಾತ ಇದಕ್ಕಿಂತ ಘೋರವಾದುದು. 'ಕ್ಯೂ' ಕೈಗೆ ಬಂದು 'ಯು' ಬಾರದಿರುವವನ ಅವಸ್ಥೆ ಆಡಿದವರಿಗೇ ಗೊತ್ತು. ಇದಕ್ಕೆ ಪರಿಹಾರವಾಗಿ ನಮ್ಮ ಮಗಳು, 'ಯು' ಇಲ್ಲದೆ ನಿಲ್ಲಬಲ್ಲ 'ಕ್ಯೂ' ಪದಗಳನ್ನೂ, ಆಟಕ್ಕೆ ಸಲ್ಲುವ ಎರಡಕ್ಷರದ ಪದಗಳನ್ನೂ ಪಟ್ಟಿಮಾಡಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಳು. ಅತ್ತೆಯವರೋ ವಿಷ್ಣುಸಹಸ್ರನಾಮವನ್ನು ಬಾಲ್ಯದಲ್ಲಿಯೇ ಕಂಠಸ್ಥಮಾಡಿಕೊಂಡವರು. ಸಾವಿರ ನಾಮಗಳು ಹಿಡಿಸಿದ ಕಂಠದಲ್ಲಿ ನೂರು ಚಿಲ್ಲರೆ ಪದಗಳಿಗೆ ಸ್ಥಳಾಭಾವವೆಲ್ಲಿ? ಸಾಂಬಾರಿಗೆ ಒಗ್ಗರಣೆ ಹಾಕುತ್ತ, ಹಾಲು ಉಕ್ಕುವುದನ್ನು ಕಾಯುತ್ತ, ಪಟ್ಟಿಯನ್ನು ಪಾರಾಯಣಮಾಡಿಬಿಟ್ಟರು.

ಆ ಶನಿವಾರ ಅವರು 'ಕ್ಯೂ', 'ಐ' ಎರಡನ್ನಿಟ್ಟು 11 ಅಂಕಗಳನ್ನು ಬರೆಸಿದರು. ಮಾವನವರು ಆಕ್ಷೇಪಿಸಿದರು. 2006ರಿಂದ ಆ ಪದ ಅಮೆರಿಕದ ಆಟಗಾರರ ನಿಘಂಟಿನಲ್ಲಿದೆ; ಆಕ್ಷೇಪ ಸುಳ್ಳಾದರೆ ಆಕ್ಷೇಪಿಸಿದವನೇ ಒಂದು ಸರದಿಯನ್ನು ಕಳೆದುಕೊಳ್ಳತಕ್ಕದ್ದೆಂಬುದು ಇಲ್ಲಿಯ ನಿಯಮ. ಸರದಿಯನ್ನೂ ಸಮಾಧಾನವನ್ನೂ ಒಟ್ಟಿಗೆ ಕಳೆದುಕೊಂಡ ಅವರು, "ಹೋಗಲಿ, ಅದರ ಅರ್ಥವೇನೆಂದು ಹೇಳು ನೋಡೋಣ" ಎಂದರು.

"ಧಾರೆಯ ದಿನ ನೀವು ಅಷ್ಟೊಂದು ಮಂತ್ರ ಹೇಳಿದಿರಿ. ಅರ್ಥ ಏನೂಂತ ನಾನು ಕೇಳಿದೆನೆ?" ಎಂದರು ಅತ್ತೆಯವರು, ಚೀಲದಿಂದ ಹೊಸ ಬಿಲ್ಲೆಗಳನ್ನು ಆರಿಸುತ್ತ.

ಮಾವನವರ ಸಾಂತ್ವನಕ್ಕೆಂದು ನಾನು ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್‌ನ ವೃತ್ತಾಂತವನ್ನು ನಿವೇದಿಸಿದೆನು. ಫ್ರೆಂಚ್ ಭಾಷೆಯಲ್ಲಿ ಮಾತನಾಡಲರಿಯದ ಈ ಮಹಾನುಭಾವನು ಫ್ರೆಂಚ್ ಪದಗಳ ಪಟ್ಟಿಯನ್ನು ಬಾಯಿಪಾಠಮಾಡಿ 2015ರಲ್ಲಿ ಫ್ರೆಂಚ್ ಸ್ಕ್ರಾಬಲಿನ ವಿಶ್ವಪದವಿಯನ್ನು ಗೆದ್ದನು. 2024ರಲ್ಲಿ ಸ್ಪ್ಯಾನಿಷಿನಲ್ಲಿಯೂ ಅದೇ ಪವಾಡವನ್ನು ನಡೆಸಿದನು. ಇದನ್ನು ಕೇಳಿ ಮಾವನವರ ದುಃಖ ಇಮ್ಮಡಿಸಿತು. ಅತ್ತೆಯವರು ಮಾತ್ರ, "ಪಾಪ, ಆತ ನಮ್ಮ ಕಡೆ ಹುಟ್ಟಿದ್ದರೆ ಘನಪಾಠಿಯೇ ಆಗುತ್ತಿದ್ದ" ಎಂದು ಮರುಗಿದರು.

ಅರ್ಥವನ್ನು ಹೊಸಲಿನಾಚೆ ನಿಲ್ಲಿಸಿದ ಈ ಆಟದಲ್ಲಿ ಅರ್ಥದ ಜಗಳಕ್ಕೆ ಕೊನೆಯೆಂಬುದಿಲ್ಲ. ಮೊನ್ನೆ ಮಾವನವರು ಛಲಬಿಡದೆ ಮತ್ತೊಮ್ಮೆ ಆತ್ಮನನ್ನು ಸ್ಥಾಪಿಸಿದರು. ಮಗಳು ಕ್ಷಣಮಾತ್ರ ಯೋಚಿಸಿ, ಆ ಪದದ ತುದಿಗೆ 'ಎಸ್' ಬಿಲ್ಲೆಯೊಂದನ್ನಿಟ್ಟು, ಅಲ್ಲಿಂದ ಕೆಳಗೆ 'ಸಾರಿ' ಎಂದು ಸೀರೆಯನ್ನು ಇಳಿಬಿಟ್ಟಳು. ಸೀರೆಗೆ 4, 'ಆತ್ಮನ್ಸ್' ಎಂಬುದಕ್ಕೆ 8, ಒಟ್ಟು 12.

"ಆತ್ಮಕ್ಕೆ ಬಹುವಚನವೆ!" ಎಂದು ಮಾವನವರು ಎದ್ದು ನಿಂತರು. "ಇರುವುದು ಒಂದೇ, ಮಗು. ಎರಡನೆಯದೆಂಬುದೇ ಇಲ್ಲ."

"ಡಿಕ್ಷನರಿಯಲ್ಲಿ ಇದೆ, ತಾತ" ಎಂದಳು ಮಗಳು.

"ಬೇಕಾದಷ್ಟಿವೆ, ಒಂದೊಂದೂ ಬೇರೆ ಬೇರೆ" ಎಂದರು ಅತ್ತೆಯವರು, 12 ಅಂಕಗಳನ್ನು ಮೊಮ್ಮಗಳ ಹೆಸರಿನಲ್ಲಿ ಬರೆಯುತ್ತ. "ನಮ್ಮ ತೌರಿನವರು ಮೊದಲಿಂದಲೂ ಇದನ್ನೇ ಹೇಳುತ್ತಿದ್ದರು, ನೀವು ಕಿವಿಗೆ ಹಾಕಿಕೊಳ್ಳಲಿಲ್ಲ."