ಮಹಾಬಳೇಶ್ವರದ ಮಳೆ, ಹುಣಸಗಿಯ ಗಾಳ

ಹುಣಸಗಿಯವನು ಮೀನು ಹಿಡಿಯಲು ಹೊರಡುವ ಮೊದಲು ಮಹಾರಾಷ್ಟ್ರದ ಮಳೆ ಸುದ್ದಿ ಓದಬೇಕು. ನಮ್ಮ ತಲೆ ಮೇಲಿನ ಮೋಡ ನಂಬಿ ಕೂತವನಿಗೆ ಮೀನಿನ ಮಾತಿರಲಿ, ಕಪ್ಪೆಯೂ ಸಿಗಲಿಕ್ಕಿಲ್ಲ. ಮಹಾಬಳೇಶ್ವರದಲ್ಲಿ ಮಳೆ ಹೊಡೆದರೆ ಆಲಮಟ್ಟಿ ತುಂಬುತ್ತದೆ. ಆಲಮಟ್ಟಿ ತುಂಬಿದರೆ ನಾರಾಯಣಪುರದ ಬಸವಸಾಗರಕ್ಕೆ ಬಿಡುತ್ತಾರೆ. ಅದು 492.25 ಮೀಟರಿನ ಗರಿಷ್ಠ ಮಟ್ಟದ ಹತ್ತಿರ ಬಂತೋ, ಗೇಟು ಎತ್ತುತ್ತಾರೆ, ಹಿಂದೆಯೇ ಡಂಗುರ: ಹೊಳೆ ದಂಡೆಗೆ ಯಾರೂ ಇಳಿಯಬಾರದು. ಇಲ್ಲಿ ನೋಡಿದರೆ ಆಕಾಶ ಬೋಳು, ಎರೆ ಹೊಲ ಬಿರುಕು ಬಿಟ್ಟಿದೆ, ತೊಗರಿ ಬಾಡುತ್ತಿದೆ. ಕೆಳಗೆ ಕೃಷ್ಣೆ ಮಾತ್ರ ಯಾರದೋ ಊರಿನ ಮಳೆ ಹೊತ್ತುಕೊಂಡು ಕೆಂಪಗೆ ಓಡುತ್ತಿರುತ್ತಾಳೆ.

ಇಂಥ ಸೀಮೆಯಲ್ಲಿ ನಮ್ಮ ಸೋದರಮಾವ ಮೀನುಬೇಟೆಯ ಯೋಜನೆ ಹಾಕುತ್ತಾರೆ. ಸಭೆ ಸೇರುವುದು ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ, ಮಿರ್ಚಿ ಭಜಿ ಮುಂದಿಟ್ಟುಕೊಂಡು. ಮೊದಲು ದಿನ ಗೊತ್ತಾಗಬೇಕು. ಏಪ್ರಿಲ್, ಮೇ ಬೇಡ, ದಂಡೆಯ ಬಂಡೆಯ ಮೇಲೆ ಕೂತವನೇ ಬೇಯುತ್ತಾನೆ. ಜುಲೈ, ಆಗಸ್ಟಿನಲ್ಲಿ ಹೊಳೆ ನಮ್ಮನ್ನೇ ಹಿಡಿದೀತು. ನೀರು ಇಳಿಯುವ ಹೊತ್ತಿಗೆ ಶ್ರಾವಣ. ಶ್ರಾವಣ ಮುಗಿದರೆ ಗಣಪ್ಪ, ಗಣಪ್ಪ ಹೋದರೆ ಪಕ್ಷಮಾಸ, ಆಮೇಲೆ ದಸರೆಗೆ ಘಟ ಹಾಕಿರುತ್ತಾರೆ. ಅದರ ಮೇಲೆ ಮಾವನವರ ಸೋಮವಾರ, ನನ್ನ ಶನಿವಾರ, ನನ್ನ ತಮ್ಮನ ಹೆಂಡತಿಯ ಗುರುವಾರ. ಕ್ಯಾಲೆಂಡರಿನಲ್ಲಿ ಒಂದು ಖಾಲಿ ಮಂಗಳವಾರ ಸಿಕ್ಕಿತ್ತು. ಅಂದು ಅಮಾವಾಸ್ಯೆ.

ದಿನಕ್ಕಿಂತ ಜಾಗದ್ದೇ ದೊಡ್ಡ ತಕರಾರು. ಜಲಾಶಯದಲ್ಲಿ ಬಲೆ ಬೀಸಲು ಮೀನುಗಾರಿಕೆ ಇಲಾಖೆಯ ಪರವಾನಗಿ ಬೇಕು. ಅದು ಹರಿಗೋಲಿನಲ್ಲಿ ಹುಟ್ಟುಹಾಕಿ ಹೊಟ್ಟೆ ಹೊರೆಯುವವರ ನೀರು, ನಮ್ಮಂಥ ಸಂಬಳದವರು ಅಲ್ಲಿ ಮೂಗು ತೂರಿಸುವುದು ಸರಿಯೂ ಅಲ್ಲ. ಡ್ಯಾಮಿನ ಕೆಳಗೆ ಛಾಯಾ ಭಗವತಿ ಇದೆಯಲ್ಲ, ದರ್ಶನವೂ ಆಯಿತು, ಗಾಳವೂ ಆಯಿತು ಎಂದರು ಮಾವ. ಅತ್ತೆಗೆ ಸುದ್ದಿ ಮುಟ್ಟಿದ್ದೇ ತಡ, "ತಾಯಿ ಮುಂದ ಮೀನು ಹಿಡಿತೀರೇನು? ಕೈಕಾಲು ನೆಟ್ಟಗ ಇರೋದು ಬ್ಯಾಡೇನು?" ಎಂದು ಫೋನಿನಲ್ಲೇ ಆ ಜಾಗಕ್ಕೆ ಬೀಗ ಹಾಕಿದರು. ಹಾಗಾದರೆ ಇನ್ನೂ ಕೆಳಗೆ ಹೋಗೋಣವೆಂದರೆ ಕೃಷ್ಣೆಯಲ್ಲಿ ಮೊಸಳೆ. ಗಾಳ ಹಾಕಿ ಅಲುಗಾಡದೆ ಕೂರುವುದರಲ್ಲಿ ಅವು ನಮಗಿಂತ ಪಳಗಿದವು.

ತಮ್ಮನ ಓಟು ಡೋಣಿಗೆ. ತಾಳಿಕೋಟೆ ದಾಟಿ ನಮ್ಮ ಕಡೆ ಬರುವ ಆ ಹೊಳೆಯ ನೀರು ಸವುಳು. "ಉಪ್ಪು ಒಯ್ಯೋದು ತಪ್ಪತದ" ಎಂಬುದು ಅವನ ವಾದ. ಡೋಣಿ ದಂಡೆಯ ಎರೆ ಮಣ್ಣಿನ ಪರಿಚಯ ಅವನಿಗಿಲ್ಲ. ಹಸಿ ಇದ್ದಾಗ ಕಾಲಿಟ್ಟರೆ ಚಪ್ಪಲಿಗೆ ಮಣ್ಣು ಮೆತ್ತಿ, ಅದರ ಮೇಲೆ ಇನ್ನಷ್ಟು ಮೆತ್ತಿ, ಹತ್ತು ಹೆಜ್ಜೆಗೆ ಮನುಷ್ಯ ಗೇಣುದ್ದ ಎತ್ತರವಾಗುತ್ತಾನೆ. ಹನ್ನೊಂದನೆಯ ಹೆಜ್ಜೆಗೆ ಚಪ್ಪಲಿ ಅಲ್ಲೇ ಉಳಿಯುತ್ತದೆ, ಮನುಷ್ಯ ಮುಂದೆ ಹೋಗುತ್ತಾನೆ.

ಉಳಿದದ್ದು ಎಡದಂಡೆ ಕಾಲುವೆ. ಅದಕ್ಕೆ ಚಾಲು-ಬಂದ್ ಪದ್ಧತಿ: ಇಷ್ಟು ದಿನ ನೀರು, ಇಷ್ಟು ದಿನ ಬಂದ್. ಭತ್ತದವರು ಚಾಲು ಯಾವಾಗ ಎಂದು ಕಾಯುತ್ತಾರೆ, ಓಣಿಯ ಹುಡುಗರು ಬಂದ್ ಯಾವಾಗ ಎಂದು. ನೀರು ನಿಂತ ಮರುದಿನ ತಗ್ಗುಗಳಲ್ಲಿ ಜಿಲೇಬಿ ಮೀನು ಪಟಪಟ ಅನ್ನುತ್ತಿರುತ್ತವೆ, ಹುಡುಗರು ಹಳೆಯ ಸೀರೆ ಹಿಡಿದು ಬಾಚುತ್ತಾರೆ. ನಾವು ಗಾಳ ಹಿಡಿದು ಹೋಗುವ ಹೊತ್ತಿಗೆ ಉಳಿದಿರುವುದು ಕೆಸರು ಮತ್ತು ಸೀರೆಯ ಅಂಚು.

ನೀರು ನೋಡಿ ಯೋಜನೆ ಹಾಕುವುದು ನಮ್ಮೂರಿನ ಹಳೇ ಕಸುಬು, ಅದಕ್ಕೆ ಸಾಕ್ಷಿಯೂ ಇದೆ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಹುಣಸಗಿ, ಬೈಚಬಾಳ ಕಣಿವೆಗಳಲ್ಲಿ ವರ್ಷಗಟ್ಟಲೆ ಅಲೆದು ಆದಿಮಾನವರ ಕಲ್ಲಿನ ಆಯುಧಗಳನ್ನು ಶೋಧಿಸಿದರು. ಇಸಾಂಪುರದಲ್ಲಿ ಆ ಜನ ಸುಣ್ಣಗಲ್ಲು ಒಡೆದು ಕೈಗೊಡಲಿ ಮಾಡಿದ್ದು ಸುಮಾರು 12 ಲಕ್ಷ ವರ್ಷದ ಹಿಂದೆ ಎಂದು ಲೆಕ್ಕ ಹಾಕಿದ್ದಾರೆ. ಮಳೆಗಾಲದಲ್ಲಿ ಕಣಿವೆ ತುಂಬ ಚದುರುತ್ತಿದ್ದರಂತೆ, ಬ್ಯಾಸಿಗೆಗೆ ಬತ್ತದ ಒರತೆಯ ಹಳ್ಳದ ಪಕ್ಕ ಕೂಡುತ್ತಿದ್ದರಂತೆ. ಅವರ ಕೊಡಲಿ ಸಿಕ್ಕಿದೆ, ಗಾಳ ಸಿಕ್ಕಿಲ್ಲ. ಮಾವ ಇದನ್ನು ಕೇಳಿ, "ಅವರದೂ ಬರೇ ಮೀಟಿಂಗ್‌ದಾಗೇ ಹೋಗಿರಬೇಕು ಬಿಡು" ಎಂದರು.

ಸಾಮಾನಿನಲ್ಲಿ ಮಾತ್ರ ನಮಗೆ ಕೊರತೆಯಿಲ್ಲ. ತಮ್ಮ ಆನ್‌ಲೈನಿನಲ್ಲಿ ತರಿಸಿದ ರಾಟೆಯ ಕಡ್ಡಿ ಇನ್ನೂ ಪ್ಲಾಸ್ಟಿಕ್ಕಿನಲ್ಲೇ ಇದೆ. ನನಗೆ ಭರವಸೆ ಮಾವನ ಬಿದಿರಿನ ಮೇಲೆ. ಜೋಳದ ದಂಟಿನ ಸಿಪ್ಪೆ ಸುಲಿದು, ಒಳಗಿನ ಬೆಳ್ಳನೆ ಬೆಂಡನ್ನು ಬೆರಳುದ್ದ ಕತ್ತರಿಸಿ, ಸೂಜಿಯಿಂದ ದಾರ ಪೋಣಿಸುತ್ತಾರೆ. ನೀರಿನ ಮೇಲೆ ಅದು ನೆಟ್ಟಗೆ ನಿಲ್ಲುತ್ತದೆಯೇ ಎಂದು ಬಚ್ಚಲ ಬಕೆಟ್ಟಿನಲ್ಲಿ ಬಿಟ್ಟು ನೋಡುತ್ತಾರೆ. ವಾಲಿದರೆ ಒಂದು ಕೂದಲಿನಷ್ಟು ಕೊರೆದು ಮತ್ತೆ ಬಿಡುತ್ತಾರೆ. ಈ ಬಕೆಟ್ಟಿನ ಮುಂದೆ ಅವರು ಕೂರುವ ತಾಳ್ಮೆ ನೋಡಿದರೆ ಹೊಳೆಗೆ ಹೋಗುವ ದರ್ದೇನಿದೆ ಅನಿಸುತ್ತದೆ.

ಸದ್ಯದ ತೀರ್ಮಾನ: ದೀಪಾವಳಿ ಕಳೆದ ಮೇಲಿನ ಭಾನುವಾರ, ಕಾಲುವೆ ಬಂದ್ ಇದ್ದರೆ ಕಾಲುವೆ, ಚಾಲು ಇದ್ದರೆ ಹಳ್ಳ. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಪುಂಡಿಪಲ್ಯ ಕಟ್ಟಿಕೊಡಲು ಮನೆಯವಳು ಒಪ್ಪಿದ್ದಾಳೆ. ಮೀನಿನ ಬಗ್ಗೆ ಅವಳದು ಒಂದೇ ಕರಾರು:

"ಹಿಡಕೊಂಡು ಬಂದರ ನೀವೇ ಹೆರೆದು ಕಡೀರಿ. ಸಂತ್ಯಾಗ ಕೊಂಡು ತಂದರ, ಅಲ್ಲೇ ಕಡಿಸ್ಕೊಂಡು ಬರ್ರಿ."