ಸ್ಟಾಲ್ ಸಾಹೇಬರು

ಹೊಸಪೇಟೆಯ ಓಣಿಗೊಬ್ಬರಂತೆ ಸ್ಟಾಲ್ ಸಾಹೇಬರು ಇರುತ್ತಾರೆ. ಹಂಪಿ ಉತ್ಸವದ ವಸ್ತುಪ್ರದರ್ಶನದಲ್ಲಿ ಹತ್ತಡಿಗೆ ಹತ್ತಡಿ ಮಳಿಗೆ ಸಿಕ್ಕಿತೆಂದರೆ, ಕೃಷ್ಣದೇವರಾಯನೇ ಕರೆದು ಜಹಗೀರು ಬರೆದುಕೊಟ್ಟಷ್ಟು ಗತ್ತು. ಏನು ಮಾರುತ್ತೀರಿ ಎಂದು ಮಾತ್ರ ಕೇಳಬಾರದು. "ಅದು ಕೊನೀ ಮಾತು ಬಿಡ್ರಿ. ಮೊದಲು ಸ್ಟಾಲಿಗೊಂದು ಕಳೆ ಬರಬೇಕು."

ನಮ್ಮ ಓಣಿಯ ಸಾಹೇಬರು ಮಾರುವುದು ಬೆಲ್ಲ. ಅದು ಬರುವುದು ಹೆಂಡತಿಯ, ಅಂದರೆ ನಮ್ಮ ಅಕ್ಕಾರ, ತವರು ಕಂಪ್ಲಿ ಕಡೆಯ ಆಲೆಮನೆಯಿಂದ. ಅಕ್ಕಾರು ಆರಿಸುತ್ತಾರೆ, ತೂಗುತ್ತಾರೆ, ಪೊಟ್ಟಣ ಕಟ್ಟುತ್ತಾರೆ. ಸಾಹೇಬರು ಪ್ಲಾನ್ ಮಾಡುತ್ತಾರೆ.

ಹಳೇ ಕ್ಯಾಲೆಂಡರಿನ ಹಿಂಬದಿಗೆ ಆ ಪ್ಲಾನ್ ಮೂಡುತ್ತದೆ. ಉದ್ಘಾಟಕರು ಒಳಗೆ ಬರುವ ದಾರಿ, ಅವರು ಕೂರುವ ಕುರ್ಚಿ, ಕುರ್ಚಿಗೆ ಟವೆಲ್, ಹಾರದ ತಟ್ಟೆಗೆ ಸ್ಟೂಲು, ಫೋಟೋದವನು ನಿಲ್ಲುವ ಮೂಲೆ, ಎಲ್ಲಕ್ಕೂ ಗೆರೆ ಉಂಟು. "ಗಿರಾಕಿಗೆ ಜಾಗ?" ಎಂದೆ. ಸಾಹೇಬರು ಪೆನ್ನು ಕಚ್ಚಿ ಯೋಚಿಸಿ, ಮಳಿಗೆಯ ಹೊರಗೊಂದು ಚುಕ್ಕೆ ಇಟ್ಟರು. "ಅವ್ರು ಅಲ್ಲೇ ನಿಂತ್ಕೋತಾರ."

ಪ್ಲಾನಿನ ಪ್ರಾಣ ಇರುವುದು ಫ್ಲೆಕ್ಸಿನಲ್ಲಿ. ಎಡಕ್ಕೆ ವಿರೂಪಾಕ್ಷನ ಗೋಪುರ, ಬಲಕ್ಕೆ ಕಲ್ಲಿನ ರಥ, ನಡುವೆ ಎರಡನ್ನೂ ಮೀರಿಸಿದ ಎತ್ತರದಲ್ಲಿ ಕೈಮುಗಿದ ಸಾಹೇಬರು. ಬೆಲ್ಲಕ್ಕೆ ಸಿಕ್ಕಿದ್ದು ಅವರ ಕಾಲಬುಡ, ಪಕ್ಕದಲ್ಲೇ ಅದರ ದರ. ಉತ್ಸವವೆಂದರೆ ನವೆಂಬರ್ 3, 4, 5 ಎಂದು ಎಲ್ಲರೂ ನಂಬಿದ್ದ ಕಾಲದ ಫ್ಲೆಕ್ಸ್ ಅದು. ಆಮೇಲೆ ಉತ್ಸವ ಜಾರತೊಡಗಿತು. 2023ರಲ್ಲಿ ಜನವರಿ 27ಕ್ಕೆ ಶುರುವಾಯಿತು, 2024ರಲ್ಲಿ ಫೆಬ್ರವರಿ 2ಕ್ಕೆ, 2025ರಲ್ಲಿ ಫೆಬ್ರವರಿ 28ಕ್ಕೆ. ಹೊಸ ಫ್ಲೆಕ್ಸಿಗೆ ದುಡ್ಡು ಯಾಕೆಂದು ಸಾಹೇಬರು ಪ್ರತಿ ಸಲ ಹಳೇ ದಿನಾಂಕದ ಮೇಲೆ ಹೊಸ ಕಾಗದ ಅಂಟಿಸಿದರು. ಪುರಾತತ್ವದವರು ಒಂದೊಂದೇ ಪದರ ಬಿಡಿಸುತ್ತ ಹೋದರೆ ತಳದಲ್ಲಿ ನವೆಂಬರ್ ಯುಗದ ಅವಶೇಷ ಸಿಕ್ಕೀತು.

ಸಾಹೇಬರಿಗೆ ಇತಿಹಾಸವೂ ಗೊತ್ತು. 1520ರ ಸುಮಾರಿಗೆ ಬಂದ ಪೋರ್ಚುಗೀಸರವ ಡೊಮಿಂಗೊ ಪಾಯೆಸ್ ಇಲ್ಲಿಯ ಪೇಟೆಯಲ್ಲಿ ಮಾಣಿಕ್ಯ, ವಜ್ರ, ಮುತ್ತು ಕಂಡ. ಸಂಜೆ ಸಂತೆಯಲ್ಲಿ ಕುದುರೆ, ನಿಂಬೆ, ಕಿತ್ತಳೆ, ದ್ರಾಕ್ಷಿಯನ್ನೂ ಕಂಡ. ಮಳಿಗೆಗಳ ಮುಂದೆ ಯಾರ ಫೋಟೋ ಇತ್ತೆಂದು ಮಾತ್ರ ಬರೆಯಲಿಲ್ಲ. ಅದು ಆತನ ಲೋಪವೆಂದು ಸಾಹೇಬರ ಅಭಿಪ್ರಾಯ.

2023ರ ಜುಲೈನಲ್ಲಿ ಹಂಪಿಯ ಜಿ-20 ಸಭೆಯ ಹೊತ್ತಿಗೆ ಸಂಡೂರಿನ ಲಂಬಾಣಿ ಹೆಣ್ಣುಮಕ್ಕಳ ಕಸೂತಿಯ 1,755 ತುಣುಕುಗಳನ್ನು ಒಂದೆಡೆ ಪ್ರದರ್ಶಿಸಿ ಗಿನ್ನೆಸ್ ದಾಖಲೆ ಮಾಡಿದರಲ್ಲ, ಅದರಿಂದ ಸಾಹೇಬರು ಕಲಿತ ಪಾಠ ಒಂದೇ: ಸಿಕ್ಕಿದ್ದನ್ನೆಲ್ಲ ತೂಗುಹಾಕಬೇಕು. ನಾನೂರೈವತ್ತಕ್ಕೂ ಹೆಚ್ಚು ಹೆಂಗಸರು ಕೂತು ಹೊಲಿದರೆಂಬ ಭಾಗ ಅವರ ಕಿವಿಗೆ ಬೀಳಲಿಲ್ಲ. ಸಂಡೂರಿಗೇ ಹೋಗಿ ಕಸೂತಿ ತೋರಣ ತಂದರು. ಮೇಜಿಗೆ ಹಾಸಲು ಬಿಳಿ ಬಟ್ಟೆಯನ್ನೂ ಅಲ್ಲೇ ಕೊಂಡು ಬೈಕಿನ ಹಿಂದೆ ಬಿಗಿದರು. ಅದಿರು ಲಾರಿಗಳ ಬೆನ್ನಿಗೆ ಬಿದ್ದು ಹೊಸಪೇಟೆ ಮುಟ್ಟುವಷ್ಟರಲ್ಲಿ ಬಿಳಿ ಬಟ್ಟೆಯೂ ಸಾಹೇಬರ ಮೀಸೆಯೂ ಒಂದೇ ಕೆಂಪು. "ಹಂಪಿ ಮಣ್ಣಿನ ಕಲರ್. ಮ್ಯಾಚಿಂಗ್ ಆತು ನೋಡ್ರಿ" ಎಂದರು.

ಬೆಲ್ಲದ ಅಚ್ಚುಗಳನ್ನೂ ದಾರಕ್ಕೆ ಪೋಣಿಸಿ ತೂಗುಹಾಕಿದ್ದಾಯಿತು. ಮೊದಲ ದಿನದ ಬಿಸಿಲಿಗೆ ಅವು ಬೆವೆತವು. ಉದ್ಘಾಟಕರಿಗಿಂತ ಮೊದಲೇ ಇರುವೆಗಳು ಬಂದವು, ಸಾಲಾಗಿ, ಶಿಸ್ತಿನಿಂದ, ಸರಿಯಾಗಿ ಪ್ಲಾನಿನಲ್ಲಿ ಗೆರೆ ಎಳೆದಿದ್ದ ದಾರಿಯಲ್ಲೇ. ಉದ್ಘಾಟಕರು ಪಕ್ಕದ ಸಾಲಿನ ಟೇಪು ಕತ್ತರಿಸಿ ಹಾಗೇ ಕಾರು ಹತ್ತಿದರು. ಟವೆಲ್ ಹೊದ್ದ ಕುರ್ಚಿಯಲ್ಲಿ ಮೂರು ದಿನ ಸಾಹೇಬರೇ ಕೂತರು.

ಕೊನೆಯ ರಾತ್ರಿ ಮುಖ್ಯ ವೇದಿಕೆಯ ಹಾಡು ಮುಗಿದು ಜನ ನುಗ್ಗಿತು. ಕನ್ನಡಕದ ಹಿರಿಯರೊಬ್ಬರು ಫ್ಲೆಕ್ಸನ್ನು ಮೇಲಿಂದ ಕೆಳಗೆ ಓದುತ್ತ ಬಂದು ಸಾಹೇಬರ ಪಾದದ ಬಳಿ ನಿಂತರು. "ಕೆಜಿಗೆ ನಲವತ್ತಾ? ಐದು ಕೆಜಿ ಕೊಡವ್ವ."

"ಎಪ್ಪತ್ತ್ರೀ ಯಜಮಾನ್ರೇ" ಎಂದರು ಅಕ್ಕಾರು.

"ಬೋರ್ಡಿನ ಮ್ಯಾಲೆ ನಲವತ್ತು ಅಂತ ಬರ್ದೀರಲ್ಲ!"

ಅಕ್ಕಾರು ಹೊರಗೆ ಬಂದು ನೋಡಿದರು. ವರ್ಷವರ್ಷವೂ ದಿನಾಂಕಕ್ಕೆ ಅಂಟು ಹಚ್ಚಿದ್ದ ಸಾಹೇಬರು ದರದ ಕಡೆ ಬಗ್ಗಿಯೇ ಇರಲಿಲ್ಲ. ಅಷ್ಟರಲ್ಲಿ ಹಿಂದಿದ್ದವರೆಲ್ಲ ನಲವತ್ತು, ನಲವತ್ತು ಎಂದು ಕೈಚೀಲ ಚಾಚಿದ್ದರು. ಸಾಹೇಬರು ಕುರ್ಚಿಯಿಂದ ಎದ್ದು ಘೋಷಿಸಿದರು: "ಕೊಟ್ಟುಬಿಡೇ. ಫ್ಲೆಕ್ಸಿನ ಮ್ಯಾಲೆ ನನ್ನ ಫೋಟೋ ಐತಿ, ಮಾತು ತಪ್ಪಬಾರದು!"

ಒಂದು ತಾಸಿಗೆ ಮಳಿಗೆ ಖಾಲಿ. ಖಾಲಿ ಮೇಜಿನ ಮುಂದೆ ನಿಂತು ಸಾಹೇಬರು ನನ್ನಿಂದಲೇ ಫೋಟೋ ಹೊಡೆಸಿಕೊಂಡರು. ಅಕ್ಕಾರು ಪೊಟ್ಟಣದ ಕಾಗದದ ಮೇಲೆ ಲೆಕ್ಕ ಹಾಕಿ, ಕಾಗದ ಮಡಚಿ ಸೊಂಟಕ್ಕೆ ಸಿಕ್ಕಿಸಿದರು.

"ನೋಡಿದ್ಯಾ? ಬರೋ ವರ್ಷ ಎರಡು ಸ್ಟಾಲ್ ಹಿಡಿಯಾಣ" ಎಂದರು ಸಾಹೇಬರು, ಫ್ಲೆಕ್ಸ್ ಸುತ್ತುತ್ತ.

"ಹಿಡೀರಿ. ಒಂದರಾಗ ನಾ ಬೆಲ್ಲ ಮಾರ್ತೀನಿ, ಇನ್ನೊಂದರಾಗ ನೀವು ಆ ಫ್ಲೆಕ್ಸ್ ಇಟ್ಟು ಟಿಕೆಟ್ ಹಚ್ರಿ. ಹಂಪ್ಯಾಗ ಹಳೇದು ನೋಡಾಕಂತನೇ ಜನ ಬರ್ತಾರ."